ಅರ್ಧ ಆನೆ, ಅರ್ಧ ಗಿಣಿ

ಹನ್ನೊಂದನೆಯ ದಿನದ ಊಟ ಮುಗಿದು, ನೆಂಟರೆಲ್ಲ ಒಬ್ಬೊಬ್ಬರಾಗಿ ಬಸ್ಸು ಹತ್ತಿ ಹೋದ ಮೇಲೆ ಬಂದ ಮೊದಲ ಸಾಧಾರಣ ಬೆಳಗು ಅದು. ಯಾರೂ ಅಳಲಿಲ್ಲ. ಹಾಲಿನವನು ಬಂದ. ನಳ ಬಂತು. ನಾನು ರೊಟ್ಟಿ ಬಡಿದೆ. ನಾಲ್ಕನೆಯದು ಹಂಚಿನ ಮೇಲಿದ್ದಾಗ ಬುತ್ತಿ ಕಟ್ಟಬೇಕು ಅನ್ನಿಸಿ, ಗೂಟಕ್ಕೆ ತೂಗಿದ್ದ ನನ್ನ ಗಂಡ ಶಿವಕಾಂತನ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದೆ. ತೆಗೆದ ಮೇಲೆ ನೆನಪಾಯಿತು.

ಡಬ್ಬಿ ಖಾಲಿ ಇರಲಿಲ್ಲ. ಅಲ್ಲಾಡಿಸಿದರೆ ಒಳಗೆ ಏನೋ ಗಟ್ಟಿಯಾದದ್ದು ಬಡಿಯಿತು.

ಶಿವಕಾಂತ ಒಂದು ಬಿಸ್ಕೀಟು ಏಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ದಾರಿಯ ಅಂಗಡಿಗಳಿಗೆಲ್ಲ ಬೈಕಿನ ಮೇಲೆ ಹೋಗಿ ಆರ್ಡರು ತರುತ್ತಿದ್ದ. ಒಂದು ಬೆಳಿಗ್ಗೆ ಹೊರಡುವ ಹೊತ್ತಿಗೆ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತವನು ಏಳಲೇ ಇಲ್ಲವಂತೆ. ಮೂವತ್ಮೂರು ವರ್ಷ. ನಾನು ದಸರೆಗೆಂದು ತವರೂರಾದ ಹಟ್ಟಿಗೆ ಹೋದವಳು ಅಲ್ಲೇ ಉಳಿದಿದ್ದೆ. ಅತ್ತೆ ಬಳಗಾನೂರಿನಲ್ಲಿ ಮಗಳ ಮನೆಯಲ್ಲಿದ್ದರು. ಪಕ್ಕದ ಮನೆಯವರು ಫೋನು ಮಾಡಿದರು. ನನಗೆ ಗೊತ್ತಿರುವುದು ಇಷ್ಟೇ. ಆ ವಾರ ಮನೆಯಲ್ಲಿ ಒಬ್ಬನೇ ಏನು ಉಂಡ, ಏನು ಮಾಡಿಕೊಂಡಿದ್ದ, ಯಾರಿಗೂ ಗೊತ್ತಿಲ್ಲ.

ಡಬ್ಬಿಯ ಮುಚ್ಚಳ ತೆಗೆದೆ. ಸಕ್ಕರೆಯ ಒಂದು ಗೊಂಬೆ. ಗೇಣಿಗಿಂತ ಚಿಕ್ಕದು, ಮಾಸಲು ಬಿಳುಪು. ಒಂದು ಮಗ್ಗಲಿನಿಂದ ನೋಡಿದರೆ ಆನೆ. ತಿರುಗಿಸಿದರೆ ಗಿಣಿ. ಎರಡೂ ಸೇರುವ ಕಡೆ ಒಂದು ಬೆರಳಗಲದ ಸಂದಿ. ಅದರ ಸುತ್ತ ಗೋದಿಹಿಟ್ಟಿನ ಕಣಕ ಮೆತ್ತಿತ್ತು. ಒಣಗಿ ಬಿರುಕು ಬಿಟ್ಟ ಕಣಕದ ಮೇಲೆ ಹೆಬ್ಬೆರಳಿನ ಗುರುತು ಇತ್ತು.

ಹಂಚಿನ ಮೇಲೆ ರೊಟ್ಟಿ ಸೀದಿತು.

ಚೀಲ ಬುಡಮೇಲು ಮಾಡಿದೆ. ತಳದಲ್ಲಿ ಹಳೆ ಲುಂಗಿಯ ತುಂಡಿನಲ್ಲಿ ಸುತ್ತಿದ ಎರಡು ಕಟ್ಟಿಗೆಯ ಹೋಳು. ಗೌರಿ ಹುಣ್ಣಿಮೆಗೆ ಸಕ್ಕರೆ ಎರೆಯುವ ಅಚ್ಚುಗಳು. ಒಂದರೊಳಗೆ ಅರ್ಧ ಆನೆ ಕೆತ್ತಿದ್ದರು, ಇನ್ನೊಂದರೊಳಗೆ ಅರ್ಧ ಗಿಣಿ.

ನಮ್ಮ ಮದುವೆಯ ಮೊದಲ ವರ್ಷ ನಾವಿಬ್ಬರೂ ಒಂದು ಕರಾರು ಮಾಡಿಕೊಂಡಿದ್ದೆವು. ಹಬ್ಬಕ್ಕೆ ಒಬ್ಬರಿಗೊಬ್ಬರು ಕೊಡುವುದು ಅಂಗಡಿಯಿಂದ ತಂದದ್ದಾಗಿರಬಾರದು. ಕೈ ಬಿಗಿ ಇತ್ತು. ಅದನ್ನು ಆಟ ಮಾಡಿಕೊಂಡರೆ ಬಿಗಿ ಅನ್ನಿಸುವುದಿಲ್ಲ ಎಂದು ಅವನ ವಾದ. ಬಿಸ್ಕೀಟು ಪೆಟ್ಟಿಗೆಗೆ ಬಿಗಿಯುವ ಹಳದಿ ಪಟ್ಟಿಗಳನ್ನು ಹೆಣೆದು ಪಂಚಮಿಗೆ ಜೋಕಾಲಿಗೊಂದು ಮಣೆ ಮಾಡಿದ್ದ. ಪೊಟ್ಟಣಗಳ ಒಳಮೈಯ ಬೆಳ್ಳಿಯಂಥ ಹೊಳಪನ್ನು ಹೊರಗೆ ಮಾಡಿ ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದ್ದ. ಗಾಳಿ ಬಂದರೆ ಅದು ಚರಚರ ಎನ್ನುತ್ತಿತ್ತು. ನಾನು ಅವನ ಹಳೆ ಅಂಗಿಗಳ ತೋಳು ಬಿಚ್ಚಿ ಕೌದಿ ಹೊಲಿದಿದ್ದೆ. ನಾನು ಬಚ್ಚಿಟ್ಟದ್ದು ಅವನಿಗೆ ಒಮ್ಮೆಯೂ ಸಿಗುತ್ತಿರಲಿಲ್ಲ. ಅವನದು ನನಗೆ ಹಬ್ಬಕ್ಕೆ ಎರಡು ದಿನ ಮೊದಲೇ ಸಿಗುತ್ತಿತ್ತು, ಸಿಲಿಂಡರಿನ ಹಿಂದೆ, ಜೋಳದ ಚೀಲದಲ್ಲಿ. ನನಗೆ ಹಬ್ಬಕ್ಕಿಂತ ಹುಡುಕುವುದೇ ಹೆಚ್ಚು ಇಷ್ಟವಿತ್ತು.

ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಒಯ್ಯುತ್ತಾರೆ: ಆನೆ, ಗಿಣಿ, ಗೋಪುರ, ಎಲ್ಲ ಸಕ್ಕರೆಯವು. ನಮ್ಮದು ಹುಣ್ಣಿಮೆ ದಾಟಿದ ಮೇಲೆ ನಿಶ್ಚಯವಾಗಿ ಎರಡು ತಿಂಗಳಲ್ಲಿ ಮುಗಿದ ಮದುವೆ. ನನಗೆ ಆರತಿ ಬಂದಿರಲಿಲ್ಲ. ಅದನ್ನು ಒಮ್ಮೆ ನಗುತ್ತಾ ಹೇಳಿದ್ದೆ.

ಎರಡು ಹೋಳುಗಳನ್ನು ಎದುರುಬದುರು ಹಿಡಿದೆ. ಎರಡಕ್ಕೂ ಅಂಚಿನಲ್ಲಿ ಸಣ್ಣ ಗೂಟಗಳಿದ್ದವು. ಗೂಟಕ್ಕೆ ಗೂಟ ಬಡಿದು ಅಚ್ಚು ಕೂಡಲಿಲ್ಲ. ಸಕ್ಕರೆ ಸೋರಿರಬೇಕು, ಅದಕ್ಕೇ ಕಣಕ. ಗೂಟ ಕೂರುವ ತೂತುಗಳಿರುವ ಎರಡು ಹೋಳು ಇನ್ನೆಲ್ಲೋ ಇವೆ. ಅಲ್ಲಿಯೂ ಒಂದು ಆನೆ, ಒಂದು ಗಿಣಿ. ಅವೂ ಕೂಡುವುದಿಲ್ಲ.

"ಏನಬೇ ಅದು? ರೊಟ್ಟಿ ಕಮರಾಕತ್ತೈತಿ," ಎನ್ನುತ್ತಾ ಅತ್ತೆ ಒಳಗೆ ಬಂದರು. ಅವರ ಹೆಸರು ವೀರಭದ್ರಮ್ಮ. ಮಗ ಹೋದ ಹದಿನೇಳು ದಿನಗಳಲ್ಲಿ ಅರ್ಧ ಆಗಿದ್ದರು.

ತೋರಿಸಿದೆ.

"ಹಬ್ಬ ಇಲ್ಲದ ಮನ್ಯಾಗ ಗೌರಿ ಅಚ್ಚು ಯಾಕ ಬಂದ್ವು?"

"ಅವರ ಚೀಲದಾಗ ಇದ್ವುರೀ, ಅತ್ತಿ. ಇದನ್ನ ಅವರ ಮಾಡ್ಯಾರ."

ಗೊಂಬೆಯನ್ನು ಕೈಗೆ ತೆಗೆದುಕೊಂಡು ಎರಡೂ ಮಗ್ಗಲು ನೋಡಿದರು. "ಚಾ ಕಾಸಿದ್ರ ಪಾತೇಲಿ ಹೊತ್ತಿಸ್ತಿದ್ದ, ಸಕ್ರಿ ಹದ ಮಾಡಾಕ ಹೋಗ್ಯಾನ. ಆನಿ ಹೌದೋ, ಗಿಣಿ ಹೌದೋ ಇದು?" ಅವರ ಬಾಯಿಯ ತುದಿ ಸ್ವಲ್ಪ ಅಲುಗಿತು. ಅಲ್ಲಿಗೇ ನಿಂತಿತು.

"ತೂತಿನ ಹೋಳು ಬ್ಯಾರೆ ಯಾರ ಮನ್ಯಾಗೋ ಉಳದಾವರೀ."

"ಅಂದ್ರ ಅವರಿಗೂ ಕೆಲಸಕ್ಕ ಬರಂಗಿಲ್ಲ."

"ಹುಣ್ಣಿವಿ ಹತ್ತ ದಿನ ಐತಿ."

ಅತ್ತೆ ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟರು. "ಈಗ ಹೊಸ್ತಲಾ ದಾಟಿದ್ರ ಓಣ್ಯಾಗ ಏನಂತಾರ?" ಎಂದರು. ಆಮೇಲೆ ತಾವೇ, "ಅನ್ಲಿ. ಮಂದಿ ಹುಣ್ಣಿವಿ ನಮ್ಮಿಂದ ಯಾಕ ಕೆಡಬೇಕು? ಲಿಂಗಸೂರಾಗ ಇಸ್ಮಾಯಿಲ್‌ಸಾಬನ ಅಂಗಡಿ ಐತಿ. ನಾವು ಸಕ್ರಿ ಸಾಮಾನು ಅಲ್ಲಿಂದನ ತರ್ತಿದ್ವಿ. ಅಂವನ್ನ ಕೇಳು. ರೊಟ್ಟಿ ಕಟ್ಗೊಂಡು ಹೋಗು," ಎಂದರು.

ಹೋಗಲು ನನಗೆ ಇದ್ದ ಕಾರಣ ಅಚ್ಚಷ್ಟೇ ಅಲ್ಲ. ಯಾರಿಂದ ತಂದನೋ ಅವರಿಗೆ ಏನಾದರೂ ಹೇಳಿರುತ್ತಾನೆ. ನಾನು ಕೇಳಿರದ ಅವನ ಮಾತು ಒಂದಾದರೂ ಎಲ್ಲೋ ಉಳಿದಿರಬಹುದು. ಅದು ಬೇಕಾಗಿತ್ತು.

ಸೊನ್ನೆ ರೂಪಾಯಿಯ ಟಿಕೆಟ್ಟು ಹಿಡಿದು ಕಿಟಕಿಯ ಪಕ್ಕ ಕೂತೆ. ಭತ್ತದ ಕೊಯ್ಲು ನಡೆದಿತ್ತು. ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರಿಂದ ಬಸ್ಸು ಉಳಿದರ್ಧದಲ್ಲಿ ಹೋಗುತ್ತಿತ್ತು. ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಿತು. ನಾನು ಗುಡ್ಡ ನೋಡುತ್ತಾ, ಅಚ್ಚುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ.

ಲಿಂಗಸುಗೂರಿನ ಅಂಗಡಿಯಲ್ಲಿ ಇಸ್ಮಾಯಿಲ್‌ಸಾಬ್ ಕನ್ನಡಕ ಹಾಕಿಕೊಂಡು ಆನೆಯ ಹೋಳನ್ನು ಬೆಳಕಿಗೆ ಹಿಡಿದರು. ಎಪ್ಪತ್ತು ದಾಟಿದವರು.

"ಇದು ನಮ್ಮದಲ್ಲ, ತಂಗಿ. ನಮ್ಮವೆಲ್ಲಾ ಈಗ ಅಲ್ಯೂಮಿನಿ. ಸೊಂಡಿಲ ನೋಡಿದ್ಯಾ? ತುದಿ ಇಲ್ಲ. ಇದು ಮಸ್ಕಿ ಆನಿ. ಎಲ್ಲಿದ್ರೂ ಗುರ್ತು ಸಿಗ್ತೈತಿ."

"ಯಾರ ಮನೀದುರೀ?"

"ಜುಬೇದಾಬೀದು. ಆಕಿ ಮಾವ ಬಂದೇಸಾಬ ಕೆತ್ತಿದ್ದು. ಕೆತ್ತುವಾಗ ಉಳಿ ಜಾರಿ ತುದಿ ಹಾರೈತಿ. ಆಕಿಗಿ ಅಂದು ನೋಡು, ನಮ್ಮ ಆನಿ ಸೊಂಡಿಲ ಮಡಚಿಗೊಂಡೈತಿ ಅಂತಾಳ!" ನಕ್ಕರು. ನನ್ನ ಬರಿ ಕೊರಳು, ಬರಿ ಹಣೆ ನೋಡಿದರೇನೋ, ನಗು ತಗ್ಗಿತು. "ಮೊನ್ನೆ ಇಲ್ಲಿಗೇ ಬಂದಿದ್ಲು ಪಾಪ. ಆನಿ, ಗಿಣಿ ಜೋಡಿ ಇದ್ರ ಕೊಡು ಭಾಯಿ ಅಂತ. ಎಂಟು ಮನಿ ಬೀಗರ ಆರತಿ ಒಪ್ಪಿಗೊಂಡಾಳಂತ. ಆನಿ ಗಿಣಿ ಇಲ್ಲದ ಆರತಿ ಯಾರು ಒಯ್ತಾರ? ನಂದು ಕೊಟ್ರ ನನ್ನ ಹುಣ್ಣಿವಿ ಹೆಂಗ?"

"ಮಸ್ಕ್ಯಾಗ ಎಲ್ಲಿ ಮನಿ?"

"ಬಸ್‌ಸ್ಟ್ಯಾಂಡ್ ಹಿಂದ. ನೀ ಆಕಿ ಬಾಗಿಲ ಮುಂದ ಹಾದು ಬಂದೀದಿ."

ಮಸ್ಕಿಗೆ ಹಿಂದಿರುಗಿದಾಗ ಮಧ್ಯಾಹ್ನ. ತೆರೆದ ಬಾಗಿಲಿನಿಂದ ಸಕ್ಕರೆ ಕುದಿಯುವ ವಾಸನೆ ಬರುತ್ತಿತ್ತು. ಐವತ್ತರ ಒಬ್ಬ ಹೆಂಗಸು ಒಲೆಯ ಮುಂದೆ ಕೂತು ಕಡಾಯಿಯಲ್ಲಿ ಕಟ್ಟಿಗೆಯ ಸೌಟು ತಿರುವುತ್ತಿದ್ದರು. ಗೋಡೆಗುಂಟ ನಾಲ್ಕು ಸಕ್ಕರೆ ಆನೆಗಳಿದ್ದವು. ಒಂದು ಮಗ್ಗಲು ಆನೆ, ಇನ್ನೊಂದು ಮಗ್ಗಲು ಬರೀ ಹಲಗೆಯಂತೆ ಚಪ್ಪಟೆ. ಇದ್ದ ಒಂದೇ ಹೋಳಿಗೆ ಹಲಗೆ ಕಟ್ಟಿ ಎರೆದಿದ್ದರು.

"ಆನಿ ಕೇಳಾಕ ಬಂದೀ ಏನು? ಆನಿ ಇಲ್ಲ. ಗಿಣೀನೂ ಇಲ್ಲ," ಎಂದರು ತಲೆ ಎತ್ತದೆ. "ಬಸವಣ್ಣ ಅದಾನ, ಗೋಪುರ ಐತಿ. ಬೇಕಾದ್ರ ತಗೋ."

ನಾನು ಲುಂಗಿಯ ತುಂಡು ಬಿಚ್ಚಿ ಎರಡು ಹೋಳು ಅವರ ಮುಂದಿಟ್ಟೆ.

"ಹಾಯ್ ಅಲ್ಲಾ!" ಜುಬೇದಾಬೀ ಎಡಗೈಯಿಂದ ಆನೆಯ ಹೋಳನ್ನು ಎದೆಗೆ ಒತ್ತಿಕೊಂಡರು. ಬಲಗೈ ಸೌಟು ತಿರುವುತ್ತಲೇ ಇತ್ತು. "ಎಲ್ಲಿ ಅದಾನ ಆ ಬಿಸ್ಕೀಟಿನಂವ? ಮೂರು ದಿನದಾಗ ತರ್ತೀನಿ ಅಂದಂವ ಮಾರಿ ತೋರಿಸಿಲ್ಲ! ಚಾಚಿ, ಚಾಚಿ ಅಂತ ಬೆಣ್ಣಿ ಹಚ್ಚಿ ಒಯ್ದ. ಈಗ ಹೇಣ್ತಿನ ಕಳಿಸ್ಯಾನೇನು, ನಾಚಿಕಿ ಬಂದು? ಬರ್ಲಿ ಅಂವ, ಕಿವಿ ಹಿಂಡ್ತೀನಿ."

"ಅವರು ತೀರಿಕೊಂಡಾರ್ರೀ," ಅಂದೆ. "ಇವತ್ತಿಗೆ ಹದಿನೇಳು ದಿನ."

ಈ ಮಾತನ್ನು ನಾನೇ ಬಾಯಿಬಿಟ್ಟು ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಉಳಿದವರಿಗೆಲ್ಲ ಬೇರೆ ಯಾರೋ ಹೇಳಿದ್ದರು.

ಅವರ ಕೈ ನಿಲ್ಲಲಿಲ್ಲ. ನಿಂತರೆ ಸಕ್ಕರೆ ತಳ ಹಿಡಿಯುತ್ತದೆ. ಕಣ್ಣೀರು ಕಡಾಯಿಗೆ ಬೀಳದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ತಿರುವಿದರು. ನಾನು ಗೋಡೆಗೆ ಒರಗಿ ಕೂತೆ. ಕಡಾಯಿ ಗುಳುಗುಳು ಎನ್ನುತ್ತಿತ್ತು.

"ಎರಡಕ್ಕೂ ಗೂಟ ಇದ್ವು," ಎಂದೆ ಕೊನೆಗೆ. "ಹಂಗ ಯಾಕ ಒಯ್ದ್ರು?"

"ನಂದೂ ತಪ್ಪೈತಿ, ಬೇಟಾ." ಮೂಲೆಯ ಎರಡು ಬುಟ್ಟಿ ತೋರಿಸಿದರು. "ತೊಳದ ಮ್ಯಾಲ ಗೂಟಿನವು ಆ ಬುಟ್ಟ್ಯಾಗ, ತೂತಿನವು ಈ ಬುಟ್ಟ್ಯಾಗ ಹಾಕ್ತೀನಿ. ಕೂಡಿ ಇಟ್ರ ಗೂಟ ಉಬ್ಬಿ ಹಿಡಕೊಂತಾವ, ಬಿಡಂಗಿಲ್ಲ. ಅಂವ ಬಂದಾಗ ಹಿಂಗ ಕಡಾಯಿ ಮುಂದ ಕೂತಿದ್ದೆ. ಬುಟ್ಟ್ಯಾಗ ಅದಾವ, ಎರಡು ತಗೋ ಅಂದೆ. ಎರಡೂ ಒಂದ ಬುಟ್ಟ್ಯಾಗಿಂದ ತಗೊಂಡಾನ. ನಾ ತಿರುಗಿ ನೋಡಿದ್ರ ಆಗ್ತಿತ್ತು."

"ಏನಂದ್ರು ನಿಮಗ?"

"ನಮ್ಮ ಮನ್ಯಾಗಿನಾಕಿಗಿ ಆರತಿ ಬಂದಿಲ್ಲ ಚಾಚಿ, ನಾನ ಮಾಡಿ ಕೊಡಬೇಕು ಅಂದ. ಯಾಕೋ, ಕಟ್ಟಿಸಿಗೊಂಡು ಹೋಗು, ರೊಕ್ಕ ಆಮ್ಯಾಲ ಕೊಡುವಂತಿ ಅಂದ್ರ ಕರಾರ್ ಐತಿ, ನಡಿಯಂಗಿಲ್ಲ ಅಂದ." ಜುಬೇದಾಬೀ ಮೂಗು ಒರೆಸಿಕೊಂಡರು. "ಇನ್ನೊಂದು ಮಾತು ಅಂದ. ಆಕಿ ಕಳ್ಳರನ್ನ ಹುಡುಕಿದಂಗ ಎಲ್ಲಾ ಹುಡುಕಿ ತೆಗಿತಾಳ. ಈ ಸಲ ಮಾತ್ರ ಸಿಗಂಗಿಲ್ಲ ನೋಡು, ಚಾಚಿ. ಬುತ್ತಿ ಡಬ್ಬ್ಯಾಗ ಯಾರು ಹುಡುಕ್ತಾರ? ಅಂದ."

"ಸಿಕ್ತು," ಎಂದೆ.

ಆ ಒಂದು ಮಾತಿಗಾಗಿ ಎರಡು ಊರು ತಿರುಗಿದ್ದೆ. ಸಿಕ್ಕಿತ್ತು.

ಅವರು ಅಚ್ಚುಗಳನ್ನು ನೀರಿನ ಬಕೆಟ್ಟಿಗೆ ಹಾಕಿ ನೆನೆಸಿದರು. ಆಮೇಲೆ ಆನೆಯ ಗೂಟಿನ ಹೋಳನ್ನು ತೂತಿನ ಹೋಳಿಗೆ ಒತ್ತಿದರು. ಕಟ್ ಅಂತ ಕೂತಿತು. ಗಿಣಿಯೂ ಕೂತಿತು. ಎರಡಕ್ಕೂ ಹುರಿ ಸುತ್ತಿ ಕಟ್ಟಿ, ಕಡಾಯಿ ಕೆಳಗಿಳಿಸಿದರು. ಕಡಾಯಿಯ ಗೋಡೆಗೆ ಸಕ್ಕರೆ ತಿಕ್ಕತೊಡಗಿದರು. ಅದು ಬೆಳ್ಳಗಾಗಬೇಕು. ಆಗುತ್ತಿರಲಿಲ್ಲ. ನೀರಿನಂತೆ ತಿಳಿಯಾಗಿಯೇ ಇತ್ತು.

"ಹಳೇ ಸಕ್ರಿ ಕಮ್ಮಿ ಬಿದ್ದೈತಿ," ಎಂದರು. ಹೋದ ವರ್ಷದ ಗೊಂಬೆಯ ತುಣುಕೊಂದನ್ನು ಅವರು ಕಾದಿಟ್ಟು, ಈ ವರ್ಷದ ಪಾಕಕ್ಕೆ ಬೆರೆಸುತ್ತಾರಂತೆ. ಹರಳು ಕಂಡರೆ ಪಾಕ ತಾನೂ ಹರಳಾಗುತ್ತದೆ, ಕೆಮಿಸ್ಟ್ರಿ ಎಂ.ಎಸ್ಸಿ.ಯಲ್ಲಿ ನಾನು ಓದಿದ್ದೂ ಅದೇ. "ಅರ್ಧಾ ಮುರದು ಅವಗ ಕೊಟ್ಟಿದ್ದೆ. ಇಲ್ಲಾಂದ್ರ ಅವನ ಕೈಲೆ ಹಿಡಿತಿರ್ಲಿಲ್ಲ. ಉಳದದ್ದು ದಿನಾ ಚೂರ ಚೂರ ಹಾಕಿ ಮುಗೀತು. ಇರ್ಲಿ, ತಿಕ್ಕಿದ್ರ ಆಗ್ತೈತಿ ಇನ್ನೊಂದು ತಾಸಿಗೆ."

ನಾನು ಡಬ್ಬಿ ತೆರೆದೆ.

ಜುಬೇದಾಬೀ ಬಗ್ಗಿ ನೋಡಿದರು. ಆನೆ ನೋಡಿದರು, ಗಿಣಿ ನೋಡಿದರು. ಥಟ್ಟನೆ ನಗು ಬಂತು ಅವರಿಗೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಯಾ ಅಲ್ಲಾ, ಕಣಕ ಮೆತ್ಯಾನ!" ನನಗೂ ನಗು ಬಂತು. ಹದಿನೇಳು ದಿನಗಳಲ್ಲಿ ನನ್ನ ಗಂಟಲಿನಿಂದ ಬಂದ ಮೊದಲ ನಗೆಯ ಸದ್ದು ಅದು. ಎಲ್ಲಿಂದ ಬಂತು ಎಂದು ನಾನೇ ಆಲಿಸಿದೆ.

"ಇದರಾಗ ನಿಮ್ಮ ಸಕ್ರಿ ಐತಿ," ಅಂದೆ.

"ಬ್ಯಾಡ ಬೇಟಾ. ಅದು ನಿನಗಂತ ಮಾಡಿದ್ದು. ಇಟ್ಗೋ."

"ನಿಮ್ಮದು ಒಯ್ದಿದ್ರು."

ಗೊಂಬೆ ಹಾಕಲು ಹೋದವಳು ತಡೆದು ನಿಂತೆ. "ಆದ್ರ ಇದು ಗೌರಿ ಆರತೀದೂ ಅಲ್ಲೇನು? ಗಂಡ ಹೋದಾಕಿ ನಾ ಮುಟ್ಟಿದ್ರ..."

"ಹುಣ್ಣಿವಿ ದಿನ ಗೌರಿ. ಅಲ್ಲಿತನಕ ಬರೇ ಸಕ್ರಿ," ಎಂದರು ಜುಬೇದಾಬೀ. ಸೌಟು ನಿಲ್ಲಿಸದೆ ನನ್ನ ಕಡೆ ನೋಡಿದರು. "ಹಾಕೂದಾದ್ರ ಲಗೂ ಹಾಕು. ಪಾಕ ಆರಿದ್ರ ಆಗಂಗಿಲ್ಲ. ಕಣಕ ಮಾತ್ರ ಕೆರದು ಹಾಕು."

ಉಗುರಿನಿಂದ ಕಣಕ ಬಿಡಿಸಿದೆ. ಸಂದಿಗುಂಟ ಒಂದೇ ತುಂಡಾಗಿ, ಒಣಗಿದ ಸಿಪ್ಪೆಯಂತೆ ಬಂತು. ಹೆಬ್ಬೆರಳಿನ ಗುರುತು ಒಡೆಯಲಿಲ್ಲ. ಹಿಟ್ಟು ನಮ್ಮ ಮನೆಯದು. ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.

ಸಕ್ಕರೆ ಅವರದು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಆನೆಯ ಮಗ್ಗಲು ಮೇಲಾಗಿ, ಕಡಾಯಿಗೆ ಬಿಟ್ಟೆ.