ಎಳನೀರಿಗೊಂದು ನೆಪ

ನಮ್ಮ ಕಡೆ ಎಳನೀರು ಕುಡಿಯುವವರು ಇಬ್ಬರೇ: ಕಾಯಿಲೆಯವರು, ಬಸುರಿಯರು. ಮಿಕ್ಕವರು ಕುಡಿದರೆ ದಂಡ. ಕಾಯಿ ಮರದಲ್ಲೇ ಬಲಿಯಬೇಕು, ಅಟ್ಟದ ಮೇಲೆ ವರ್ಷ ಒಣಗಬೇಕು, ಕೊಬ್ಬರಿಯಾಗಬೇಕು. ತಿಪಟೂರಿನ ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರ ಮಗಳು ನಾನು. ಹೃದಯದ ಆಪರೇಷನ್ ಆದಮೇಲೆ ವರ್ಷವಿಡೀ ನನ್ನ ಬಾಯಿಗೆ ಎಳನೀರು ಸುರಿದರು. ಕೊನೆಕೊನೆಗೆ ಅದನ್ನು ಕಂಡರೇ ಸಿಟ್ಟು ಬರುತ್ತಿತ್ತು.

ಡಾಕ್ಟರು ಎಲ್ಲ ಸರಿಯಾಗಿದೆ ಅಂದರು. ಹುಳಿಯಾರಿನ ಶಾಲೆಯಲ್ಲಿ ನನ್ನ ಮೇಷ್ಟರಿಕೆ ಕಾಯುತ್ತಿತ್ತು. ಅಲ್ಲಿ ಒಬ್ಬಳೇ ಇರಬೇಕು ಎಂಬುದಕ್ಕೇ ಅಪ್ಪ ಒಪ್ಪಲಿಲ್ಲ. ನನ್ನ ಕಾಟ ತಡೆಯಲಾರದೆ ಒಂದು ದಿನ ಅಂದರು: "ಮಾಯಸಂದ್ರದ ಸೋದರತ್ತೆ ಮನೆಯಿಂದ ಹುಳಿಯಾರ್ ಗಂಟ ನಡ್ದು ತೋರ್ಸು. ದಾರೀಲಿ ಒಂದ್ ಸಲ ಹುಷಾರಿಲ್ಲ ಅಂದ್ರೂ ಕಾರು ಬತ್ತದೆ. ಆಮೇಲೆ ಶಾಲೆ ಮಾತೆತ್ತಂಗಿಲ್ಲ."

ನಾನು ಹೋಗಲಾರೆ ಎಂದುಕೊಂಡಿದ್ದರು. ನನ್ನ ಹಟ ಅವರದೇ ಬಳುವಳಿ ಎಂಬುದು ಮರೆತಿತ್ತು.

ತುರುವೇಕೆರೆಯವರೆಗೆ ರಸ್ತೆ ಬಿಟ್ಟು ಇಳಿಯಲಿಲ್ಲ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೂ ಮೋರಿಕಟ್ಟೆಯ ಮೇಲೆ ಕೂರಲಿಲ್ಲ. ಊರೂರಿಗೂ ನೆಂಟರು, ನೆಂಟರ ಕೈಯಲ್ಲೆಲ್ಲ ಫೋನು. ರಾತ್ರಿ ಅವರ ಮನೆಗಳಲ್ಲೇ ಮಲಗುತ್ತಿದ್ದೆ, ಎಳನೀರು ತಂದರೆ ಮುಖ ತಿರುಗಿಸುತ್ತಿದ್ದೆ.

ಆಮೇಲೆ ತೋಟಗಳ ಒಳದಾರಿ ಹಿಡಿದೆ. ಅಲ್ಲಿ ಏನೋ ಆಯಿತು. ಗರಿಗಳ ಸಂದಿನಿಂದ ಬಿಸಿಲು ಪುಡಿಪುಡಿಯಾಗಿ ಬೀಳುತ್ತಿತ್ತು, ಗಾಳಿ ಬಂದಾಗ ನೆಲವೇ ಮೆಲ್ಲಗೆ ತೂಗಿದಂತಾಗುತ್ತಿತ್ತು. ಸಾಲಿನ ಹಿಂದೆ ಸಾಲು, ಒಂದು ತೋಟ ಮುಗಿಯುವ ಮೊದಲೇ ಇನ್ನೊಂದು. ನಾನು ನಡೆಯುತ್ತಿದ್ದೇನೋ, ಮರಗಳೇ ಹಿಂದಕ್ಕೆ ಸರಿಯುತ್ತಿದ್ದವೋ ಗೊತ್ತಾಗುತ್ತಿರಲಿಲ್ಲ. ಗಳಿಗೆಗೊಮ್ಮೆ ಎದೆಯ ಮೇಲೆ ಕೈಯಿಟ್ಟು ಬಡಿತ ನೋಡಿಕೊಳ್ಳುವುದು ನನ್ನ ಚಾಳಿ. ತಿಪಟೂರು ದಾಟಿ ಹೊನ್ನವಳ್ಳಿ ಸೇರುವ ಹೊತ್ತಿಗೆ ಆ ಕೈ ಸುಮ್ಮನೆ ಪಕ್ಕದಲ್ಲಿ ಬೀಸಿಕೊಂಡು ಬರುತ್ತಿತ್ತು. ಎಷ್ಟು ಸುಖವಾಯಿತೆಂದರೆ ಒಬ್ಬಳೇ ನಕ್ಕೆ.

ಹೊನ್ನವಳ್ಳಿಯಾಚೆ ಒಂದು ತೋಟದ ಮನೆಯ ಮುಂದೆ ಮುದುಕಿಯೊಬ್ಬಳು ಗರಿ ಸೀಳುತ್ತಾ ಕೂತಿದ್ದಳು. ಹೆಸರು ಭೈರಮ್ಮ. ನೀರು ಕೇಳಿದೆ. ಚೊಂಬು ಕೊಟ್ಟು ನನ್ನನ್ನೇ ನೋಡಿದಳು.

"ಬಿಸ್ಲಲ್ಲಿ ಬಂದಿದೀಯ. ಹುಷಾರಾಗಿದೀಯೇನವ್ವ?"

"ಚೆನ್ನಾಗೇ ಇದೀನಿ," ಎಂದೆ ಬಿರುಸಾಗಿ.

ಅವಳ ಮುಖ ಸಪ್ಪಗಾಯಿತು. ತೋಟದಲ್ಲಿದ್ದ ಮಗ ದುರ್ಗಯ್ಯನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹುಷಾರಿಲ್ದಿದ್ರೆ ನಿಂಗೊಂದು ಎಳ್ನೀರು ಕೀಳ್ಸಬೌದಿತ್ತು. ನಾನೂ ಒಂದು ಕುಡೀಬೌದಿತ್ತು. ಇವ್ನು ಬಸುರಲ್ಲಿದ್ದಾಗ ಕುಡ್ದಿದ್ದು ಕಣವ್ವ. ಆಮೇಲೆ ನಂಗೆ ಕಾಯ್ಲೇನೇ ಬರ್ಲಿಲ್ಲ."

ದುರ್ಗಯ್ಯನ ತಲೆಯಲ್ಲಿ ನರೆ ಇಣುಕಿತ್ತು. ಅಷ್ಟು ವರ್ಷ ಇಷ್ಟು ಮರಗಳ ಕೆಳಗೆ ಬದುಕಿ, ತನಗೆ ಬೇಕು ಅನ್ನಲು ಅವಳಿಗೆ ಒಂದು ಜ್ವರವೂ ಸಿಕ್ಕಿರಲಿಲ್ಲ. ನಾನು ವರ್ಷವಿಡೀ ಮುಖ ಸಿಂಡರಿಸಿಕೊಂಡು ಕುಡಿದದ್ದು ಇದನ್ನೇ.

ದುರ್ಗಯ್ಯ ಹತ್ತಿರ ಬಂದು ಯಾರ ಮಗಳು ಎಂದು ವಿಚಾರಿಸಿದ. ಅಪ್ಪನ ಹೆಸರು ಹೇಳಿದೆ. "ಅಯ್ಯೋ, ನಮ್ ಕೊಬ್ರಿ ಹೋಗೋದೇ ಅವ್ರ ಮಂಡಿಗೆ," ಎಂದ. ಇವನ ಕಿವಿಗೆ ಬಿದ್ದ ಮಾತು ಅಪ್ಪನಿಗೆ ಮುಟ್ಟದೆ ಇರುವುದಿಲ್ಲ ಎಂದು ಗೊತ್ತಾಯಿತು. ಹುಳಿಯಾರು ಇನ್ನೊಂದೇ ದಿನದ ದಾರಿ. ಸುಮ್ಮನೆ ಎದ್ದು ಹೋಗಬಹುದಿತ್ತು.

"ನಂಗೆ ಯಾಕೋ ಹುಷಾರಿಲ್ಲ ಅಣ್ಣ," ಎಂದೆ. "ಎರಡು ಎಳನೀರು ಕೀಳ್ತೀರಾ?"

ಅವನು ಗಾಬರಿಯಾಗಿ ದೋಟಿ ತಂದು ಎರಡು ಕಿತ್ತ, ಕೆತ್ತಿ ನನ್ನ ಮುಂದಿಟ್ಟು, ಫೋನು ಹಿಡಿದು ಬೇಲಿಯ ಕಡೆ ಓಡಿದ. ಒಂದನ್ನು ಭೈರಮ್ಮನ ಕೈಗೆ ಕೊಟ್ಟೆ. ಅವಳು ಮಗನಿಗೆ ಬೆನ್ನು ಮಾಡಿ ಕಣ್ಣು ಮುಚ್ಚಿ ಕುಡಿದಳು. ನೀರು ಗಲ್ಲದಿಂದ ಕುತ್ತಿಗೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಗಾಳಿ ನಿಂತಿತ್ತು, ಗರಿಗಳೂ ಸುಮ್ಮನಿದ್ದವು. ನಾನೂ ಕುಡಿದೆ. ತಣ್ಣಗೆ, ಸಿಹಿಯಾಗಿತ್ತು.

"ಇನ್ನೂ ವಸಿ ಹುಷಾರಿಲ್ಲ ಅಂತೀಯೇನವ್ವ?" ಎಂದಳು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಪ್ಪ.

"ಹುಷಾರಿಲ್ಲ ಅಂದ್ಯಂತೆ. ಕಾರು ಕಳಿಸ್ತಿದೀನಿ. ಅಲ್ಲೇ ಕೂತಿರು."

ಸುಳ್ಳು ಹೇಳಿದೆ ಅನ್ನಲು ಬಾಯಿ ತೆರೆದೆ. ಭೈರಮ್ಮ ಚಿಪ್ಪಿನೊಳಗಿನ ಗಂಜಿಯನ್ನು ಬೆರಳಲ್ಲಿ ಬಳಿಯುತ್ತಿದ್ದಳು. ಅವಳನ್ನು ಹಿಡಿದುಕೊಡಲು ಮನಸ್ಸಾಗಲಿಲ್ಲ. ಹೇಳಬೇಕಾದ ಅಗತ್ಯವೂ ಕಾಣಲಿಲ್ಲ. ಎದೆ ಬಡಿದುಕೊಳ್ಳುತ್ತದೆ ಎಂದುಕೊಂಡಿದ್ದೆ, ಅದೂ ತನ್ನ ಪಾಡಿಗೆ ಇತ್ತು.

"ಕಳಿಸಿ ಅಪ್ಪ," ಎಂದೆ. "ಆದ್ರೆ ನಾನಿಲ್ಲಿ ಕೂತಿರಲ್ಲ. ಹುಳಿಯಾರಿನ ದಾರೀಲಿ ನಡೀತಿರ್ತೀನಿ. ಡ್ರೈವರ್‌ಗೆ ಹೇಳಿ, ನನ್ನ ಪೆಟ್ಟಿಗೆ, ಹಾಸಿಗೆ ತಂದು ಹುಳಿಯಾರಲ್ಲಿ ಇಳಿಸ್ಲಿ."