ಕೊಡೆ ಹಿಡಿದವಳು

ಮಗಳು ಬೀರುವಿನ ಕೊನೆಯ ಖಾನೆಯನ್ನೂ ಹಾಸಿಗೆಯ ಮೇಲೆ ಸುರಿದಳು. ಅಮ್ಮನ ತಲೆಯ ಬಳಿ ಇಡಲು ಒಂದು ಫೋಟೊ ಬೇಕಿತ್ತು. ಮದುವೆಯದು ನೀರು ತಾಗಿ ಹಾಳಾಗಿತ್ತು. ಉಳಿದವುಗಳಲ್ಲೆಲ್ಲ ಅಮ್ಮ ಮುಖಕ್ಕೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆಸ್ಪತ್ರೆಯ ಗುರುತಿನ ಚೀಟಿಯಲ್ಲಿ ಮುಖವೇನೋ ಇತ್ತು. ಚಿಕ್ಕಮ್ಮ ಅದನ್ನು ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಥರ ಇದ್ದಾಳೆ, ಇದನ್ನಿಟ್ಟರೆ ಅಕ್ಕ ಎದ್ದು ಬಂದು ಬೈತಾಳೆ ಎಂದಳು. ಹೇಳಿ ಮುಗಿಸುವ ಮೊದಲೇ ಬಿಕ್ಕಿದಳು. ಎದ್ದು ಬಂದು ಬೈಯುವಂತಿದ್ದರೆ ಇನ್ನೇನು ಬೇಕಿತ್ತು?

ಹಿಂದಿನ ಸಂಜೆ ಎದೆನೋವು ಅಂದ ಅಮ್ಮ ಬೆಳಗಾಗುವಷ್ಟರಲ್ಲಿ ಉಸಿರಿಲ್ಲದೆ ಹಜಾರದಲ್ಲಿ ಮಲಗಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ವಾರವಿಡೀ ನೆನೆಯುತ್ತಿದ್ದ ಕೈಗಳು ಈಗ ಒಣಗಿ ಸುಮ್ಮನಿದ್ದವು. ಅಪ್ಪ ಬೋಳು ತಲೆಯನ್ನು ಗೋಡೆಗೊರಗಿಸಿ ಕೂತಿದ್ದ. ಬಸ್ ಡಿಪೋದ ಗುಮಾಸ್ತ, ರಜೆ ಬಂತೆಂದರೆ ಚಿತ್ರಗಾರ.

"ಅಪ್ಪ, ಇಷ್ಟು ವರ್ಷ ಕಾಗೆ ಗುಬ್ಬಿನೆಲ್ಲಾ ಬರೆದೆ. ಅಮ್ಮನ ಮುಖ ಒಂದು ಬರೆಯೋಕೆ ಏನಾಗಿತ್ತು ನಿಂಗೆ?"

ಹೇಗೂ ಮನೆಯಲ್ಲೇ ಇರುತ್ತಾಳಲ್ಲ, ಯಾವಾಗಲಾದರೂ ಬರೆದರಾಯಿತು ಎಂದು ಅಪ್ಪ ಅಂದುಕೊಂಡಿದ್ದ. ಈಗ, ತೋಟದಲ್ಲಿ ಹಾಕಿರುವ ಕೊಳದ ಚಿತ್ರ ತರಿಸು, ಅದರಲ್ಲಿ ಅವಳಿದ್ದಾಳೆ ಎಂದ.

*

ಪ್ರತಿ ಬೇಸಿಗೆಯಲ್ಲೂ ಊರ ತೋಟದಲ್ಲಿ ಚಿತ್ರಪ್ರದರ್ಶನ. ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಚಿತ್ರ ಹಾಕುತ್ತಿದ್ದರು. ಅಪ್ಪನವೆಲ್ಲ ಅದೇ ತೋಟದಲ್ಲಿ ಕೂತು ಬರೆದಂಥವು. ಬಿಸಿಲಿಗೆ ಬಣ್ಣ ಕುಂಚದಲ್ಲೇ ಒಣಗುತ್ತದೆ ಎಂದು ಅಮ್ಮ ಪಕ್ಕದಲ್ಲಿ ನಿಂತು ಕೊಡೆ ಹಿಡಿಯುತ್ತಿದ್ದಳು. ಕಂಡದ್ದನ್ನು ಅಪ್ಪ ಬಿಡುವವನಲ್ಲ. ಎದುರಿನ ಹುಲ್ಲಿನ ಮೇಲೆ ಬಿದ್ದ ಕೊಡೆಯ ನೆರಳನ್ನೂ ಬರೆದುಬಿಡುತ್ತಿದ್ದ.

ಹೋದ ಬೇಸಿಗೆ ಯಾರೋ ಆ ನೆರಳಿಗೆ ಬೆರಳಿಟ್ಟು, ಇದು ಯಾವ ಮರದ್ದು ಎಂದು ಕೇಳಿದರು. ಅಮ್ಮ ಹಿಂದಿನಿಂದ, "ಅದು ನಾನೇ ರೀ. ಹೂವಿಲ್ಲ, ಹಣ್ಣಿಲ್ಲ, ನೀರು ಹಾಕೋದೂ ಬೇಡ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ.

*

ಚಿತ್ರ ಬಂತು. ಪ್ರದರ್ಶನ ಅಂದೇ ಶುರುವಾಗಿತ್ತು. ಹಗ್ಗದ ಕ್ಲಿಪ್ಪು ಇನ್ನೂ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಅಪ್ಪ ಅದನ್ನು ಅಮ್ಮನ ತಲೆಯ ಬಳಿ ಆನಿಸಿಟ್ಟು, ಕೆಳಗಿನ ಮೂಲೆ ತೋರಿಸಿ, ಇದೇ ಅವಳ ಕೊಡೆ ಎಂದ.

ಮಗಳು ಬಗ್ಗಿ ನೋಡಿದಳು. ಕೊಡೆಯ ದುಂಡು ನೆರಳು. ಅದರಿಂದ ಹೊರಟ ಕೈಯ ಸಣ್ಣ ಗೆರೆ. ಗೆರೆಯಾಚೆ, ಬಿಸಿಲು ಬಿದ್ದ ಹುಲ್ಲಿನ ಮೇಲೆ, ಬೇರೆಯಾಗಿ ಒಂದು ತಲೆಯ ನೆರಳು.

"ಅಪ್ಪ, ಅಮ್ಮ ಕೊಡೆ ಹೊರಗೆ ನಿಂತಿದ್ದಾಳೆ."

ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದ. ಆ ತಲೆಯನ್ನು ಅವನೇ ಬರೆದಿದ್ದ, ಕೂದಲ ಗಂಟಿನ ಸಮೇತ. ಪ್ರತಿ ಚಿತ್ರದಲ್ಲೂ ಬರೆದಿದ್ದ. ನೆರಳು ಚೆನ್ನಾಗಿ ಬಂದಿದೆ ಅಲ್ವಾ ಎಂದು ಅವಳನ್ನೇ ಕೇಳಿಯೂ ಇದ್ದ.

"ಒಂದು ಮಾತು ಹೇಳ್ಬಾರ್ದಿತ್ತೇನೇ?" ಎಂದು ಹೆಂಡತಿಯ ಒಣಗಿದ ಕೈ ಹಿಡಿದುಕೊಂಡ. ಆಮೇಲೆ ಅವನನ್ನು ಸಮಾಧಾನ ಮಾಡುವುದು ಯಾರಿಂದಲೂ ಆಗಲಿಲ್ಲ.

ಸ್ಮಶಾನದಲ್ಲಿ ಮರವಿರಲಿಲ್ಲ. ಸಂಜೆಯಾಗುತ್ತಾ ಬಂದರೂ ಬಿಸಿಲು ಸುಡುತ್ತಿತ್ತು. ಚಿಕ್ಕಮ್ಮ ಮನೆಯ ಬಾಗಿಲ ಹಿಂದೆ ತೂಗುತ್ತಿದ್ದ ಅದೇ ಕೊಡೆಯನ್ನು ತಂದಿದ್ದಳು.

"ಭಾವ, ಬೆಳಗ್ಗೆಯಿಂದ ಏನೂ ತಿಂದಿಲ್ಲ. ತಲೆ ಸುತ್ತುತ್ತೆ, ಹಿಡ್ಕೊಳ್ಳಿ."

ಅಪ್ಪ ಕೊಡೆ ಬಿಚ್ಚಿದ. ಗುಂಡಿಯ ಅಂಚಿನಲ್ಲಿಟ್ಟಿದ್ದ ಹೆಂಡತಿಯ ಪಕ್ಕದಲ್ಲಿ ನಿಂತು, ಕೈ ಪೂರ್ತಿ ಚಾಚಿ ಹಿಡಿದ. ಅವಳ ಮುಖಕ್ಕೆ ನೆರಳಾಯಿತು. ಆಚೆ, ಅಗೆದ ಮಣ್ಣಿನ ಮೇಲೆ, ಒಂದು ಕೈ ದೂರದಲ್ಲಿ, ಬೋಳು ತಲೆಯೊಂದರ ನೆರಳು ಬಿಸಿಲಲ್ಲಿ ನಿಂತಿತ್ತು.