ಮಾತಾಡಿದವರ ಪಟ್ಟಿ

ಕುಂಜತ್ತೂರು ಕಡೆಯ ಆ ಕನ್ನಡ ಶಾಲೆಗೆ ಜೂನ್‌ನಲ್ಲಿ ‘ನಿಶ್ಶಬ್ದ ತರಗತಿ’ ಎಂಬ ಕಾರ್ಯಕ್ರಮ ಬಂತು. ಹೊರಗೆ ಹೆದ್ದಾರಿಯ ಲಾರಿಗಳು ಎಷ್ಟು ಬೇಕಾದರೂ ಬೊಬ್ಬೆ ಹೊಡೆಯಲಿ, ಒಳಗೆ ಮಕ್ಕಳು ಮಾತ್ರ ತುಟಿಪಿಟಕ್ಕೆನ್ನಬಾರದು! ಮಾತಾಡಿದವರ ಹೆಸರನ್ನು ತರಗತಿಯ ಲೀಡರ್ ಆದವನು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಹೆಸರು ಬಂದವರಿಗೆ ಆಟದ ಪೀರಿಯಡ್ ಇಲ್ಲ.

ಮೂರನೇ ತರಗತಿಯ ಪಟ್ಟಿಯಲ್ಲಿ ದಿನಾ ಮೊದಲ ಹೆಸರು ನಮಿತಾಳದ್ದು. ಬಾಯಿ ಅಂದರೆ ಬಾಯಿ, ಅಕ್ಷರ ಮಾತ್ರ ಸೊನ್ನೆ. ಹೆಡ್‌ಮಾಷ್ ಸುಕುಮಾರ ಒಂದು ದಿನ ಚಿತ್ರಾ ಟೀಚರನ್ನು ಕರೆದು ಖಡಾಖಂಡಿತವಾಗಿ ಹೇಳಿದರು: “ಟೀಚರೇ, ಆಗಸ್ಟಿನ ಓಣಂ ಪರೀಕ್ಷೆಯ ಒಳಗೆ ಅವಳು ಬರೀಲಿಕ್ಕೆ ಕಲಿಯದಿದ್ರೆ ಎರಡನೆಯಲ್ಲಿ ಕೂರಿಸುದು.”

ಎರಡನೆಯಲ್ಲಿ ಅವಳ ತಂಗಿ ಇದ್ದಳು. ತಂಗಿಯ ಪಕ್ಕ ಕೂತ ಮಗು ಮತ್ತೆ ಶಾಲೆಯ ಕಡೆ ತಲೆ ಹಾಕೀತೇ? ಅಕ್ಷರ ತಿದ್ದಿಸುವುದನ್ನು ಚಿತ್ರಾ ಇನ್ನಷ್ಟು ಹೆಚ್ಚಿಸಿದಳು.

ಮರುವಾರ ಲೀಡರ್ ಶಶಾಂಕನಿಗೆ ಜ್ವರ. ಚಿತ್ರಾ ಹಾಜರಿ ಪುಸ್ತಕ ತರುವಷ್ಟರಲ್ಲಿ ಬೋರ್ಡಿನ ಮೂಲೆಯಲ್ಲಿ ಸೊಟ್ಟಸೊಟ್ಟಗೆ ಒಂದು ಹೆಸರು ಕೂತಿತ್ತು: ನಮಿತಾ.

“ಇದು ಯಾರು ಬರೆದದ್ದು?”

“ನಾನೇ ಟೀಚರ್. ಶಶಾಂಕ ಇಲ್ಲ ಅಲ್ವಾ? ನಾನು ಮಾತಾಡಿದೆ. ದಿನಾ ನೋಡಿ ನೋಡಿ ನನ್ನ ಹೆಸರು ಬರೀಲಿಕ್ಕೆ ಬರ್ತದೆ.”

ಅಯ್ಯೋ ದೇವರೇ! ಒಂದು ತಿಂಗಳು ತಿದ್ದಿಸಿದರೂ ಬಾರದ್ದು ಈ ದರಿದ್ರ ಪಟ್ಟಿಯಿಂದ ಬಂದಿತ್ತು. ಚಿತ್ರಾ ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟಳು. “ಇನ್ನು ನೀನೇ ಲೀಡರ್ ಮಾರಾಯ್ತಿ.”

ಆಮೇಲಿನ ತಮಾಷೆ ಕೇಳಿ. ಯಾರು ಮಾತಾಡಿದರೂ ನಮಿತಾ ಅವರ ಪುಸ್ತಕದ ಲೇಬಲ್ ನೋಡಿ ಹೆಸರು ಇಳಿಸುವಳು. ಅವಳ ಕೈಯಲ್ಲಿ ಬರೆಸಿಕೊಳ್ಳಲೆಂದೇ ಉಳಿದವರು ಗುಸುಗುಸು ಶುರುಮಾಡಿದರು. ಆಟದ ಪೀರಿಯಡ್ ಕಸಿಯುವುದನ್ನು ಚಿತ್ರಾ ಮೆಲ್ಲನೆ ಮರೆತುಬಿಟ್ಟಳು. ಆಗಸ್ಟ್ ಹೊತ್ತಿಗೆ ತರಗತಿಯ ಇಪ್ಪತ್ತೆರಡು ಹೆಸರೂ ಲೇಬಲ್ ನೋಡದೆ ಬರುತ್ತಿದ್ದವು; ದಾರಿಯ ಅಂಗಡಿ ಬೋರ್ಡುಗಳನ್ನೂ ಹುಡುಗಿ ಓದದೆ ಬಿಡುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಹೆಡ್‌ಮಾಷ್ ಬಾಗಿಲಲ್ಲಿ ನಿಂತು ಗುಡುಗಿದರು. “ಎಂತ ಗಲಾಟೆ ಇದು? ಮೀನು ಮಾರ್ಕೆಟಾ? ಬೋರ್ಡ್ ತುಂಬ ಹೆಸರು! ಲೀಡರ್ ಯಾರು?”

ನಮಿತಾ ಎದ್ದಳು. ಸೀದಾ ಬೋರ್ಡಿಗೆ ಹೋಗಿ ಪಟ್ಟಿಯ ಕೊನೆಗೆ ಬರೆದಳು: ಸುಕುಮಾರ ಮಾಷ್.

ಆ ವರ್ಷದಲ್ಲಿ ಮೊದಲ ಸಲ ತರಗತಿ ನಿಜಕ್ಕೂ ನಿಶ್ಶಬ್ದವಾಯಿತು.

“ನನ್ನ ಹೆಸರು ಯಾರು ಹೇಳಿಕೊಟ್ಟದ್ದು?”

“ನಿಮ್ಮ ರೂಮಿನ ಬಾಗಿಲಲ್ಲಿ ಉಂಟಲ್ಲ ಮಾಷೇ. ನಾನೇ ಓದಿದ್ದು.”

ಹೆಡ್‌ಮಾಷ್ ಬೋರ್ಡನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಮೀಸೆಯ ಕೆಳಗೆ ನಗು ತಡೆಯಲಿಲ್ಲ. “ಇವಳು ಮೂರನೆಯಲ್ಲೇ ಇರಲಿ ಟೀಚರೇ.”

“ಭೇಷ್!” ಎಂದು ಚಿತ್ರಾ ಚಪ್ಪಾಳೆ ತಟ್ಟಿ ಕೂಗಿಯೇ ಬಿಟ್ಟಳು.

ನಮಿತಾ ತಿರುಗಿ ಟೀಚರನ್ನು ನೋಡಿ, ಮತ್ತೆ ಚಾಕ್ ಎತ್ತಿಕೊಂಡಳು.